ಸ್ನೇಹಲತಾ ರೆಡ್ಡಿ

ಸ್ನೇಹಲತಾ ರೆಡ್ಡಿ (1932–1977) ರಂಗನಟಿ, ನಾಟಕ ನಿರ್ದೇಶಕಿ, ಚಲನಚಿತ್ರ ಕಲಾವಿದೆ ಮತ್ತು ಲೇಖಕಿ. ಕನ್ನಡಿಗರಿಗೆ ಅವರು ಮೊದಲು ‘ಸಂಸ್ಕಾರ’ ಚಿತ್ರದ ಚಂದ್ರಿ, ಆಮೇಲೆ ತುರ್ತುಪರಿಸ್ಥಿತಿಗೆ ಬಲಿಯಾದ ಹೆಣ್ಣುಮಗಳು. ಈ ಎರಡು ನೆನಪುಗಳ ಮರೆಯಲ್ಲಿ ಅವರ ಬರವಣಿಗೆ ಉಳಿದುಬಿಟ್ಟಿದೆ. ಗಾತ್ರದಲ್ಲಿ ಅದು ಸಣ್ಣದು. ಆದರೆ ಕರ್ನಾಟಕದ ಸೆರೆಮನೆಯೊಂದರ ಹೆಂಗಸರ ವಿಭಾಗವನ್ನು ಒಳಗಿದ್ದು ಕಂಡು ಬರೆದ ಇಂಥ ದಾಖಲೆ ವಿರಳ.

ಆಂಧ್ರದಲ್ಲಿ, ಕ್ರೈಸ್ತ ಧರ್ಮಕ್ಕೆ ಸೇರಿದ್ದ ಕುಟುಂಬವೊಂದರಲ್ಲಿ ಅವರು ಹುಟ್ಟಿದರು. ವಸಾಹತು ಆಳ್ವಿಕೆಯನ್ನು ಕಂಡರಾಗದ ಅವರು ಭಾರತೀಯ ಹೆಸರನ್ನೂ ಉಡುಪನ್ನೂ ಹಟದಿಂದ ತಮ್ಮದಾಗಿಸಿಕೊಂಡರು. ಆಧುನಿಕ ತೆಲುಗು ಕವಿ, ಚಿತ್ರ ನಿರ್ಮಾಪಕ ಪಟ್ಟಾಭಿರಾಮ ರೆಡ್ಡಿ ಅವರ ಪತಿ. ಮದರಾಸಿನಲ್ಲಿ ಇಂಗ್ಲಿಷ್ ನಾಟಕಗಳನ್ನಾಡುತ್ತಿದ್ದ ‘ಮದ್ರಾಸ್ ಪ್ಲೇಯರ್ಸ್’ ತಂಡದ ಸ್ಥಾಪಕರಲ್ಲಿ ಸ್ನೇಹಲತಾ ಒಬ್ಬರು. ಇಬ್ಸನ್, ಷೇಕ್ಸ್‌ಪಿಯರ್, ಟೆನೆಸೀ ವಿಲಿಯಮ್ಸ್ ಅವರ ನಾಟಕಗಳಲ್ಲಿ ಪಳಗಿದವರು ಅವರು. ದಂಪತಿಗಳಿಬ್ಬರೂ ರಾಮಮನೋಹರ ಲೋಹಿಯಾ ಅವರ ಸಮಾಜವಾದಿ ಚಿಂತನೆಗೆ ಒಲಿದರು. ಮುಂದೆ ಅವರ ಬದುಕಿನಲ್ಲಿ ನಡೆದದ್ದೆಲ್ಲ ಈ ಒಲವಿನೊಂದಿಗೆ ಹೆಣೆದುಕೊಂಡೇ ನಡೆಯಿತು.

ಯು.ಆರ್. ಅನಂತಮೂರ್ತಿಯವರ ಕಾದಂಬರಿ ಆಧರಿಸಿ ಪಟ್ಟಾಭಿರಾಮ ರೆಡ್ಡಿ ನಿರ್ದೇಶಿಸಿದ ‘ಸಂಸ್ಕಾರ’ (1970) ಮದರಾಸಿನ ಸೆನ್ಸಾರ್ ಮಂಡಳಿಯ ತಡೆಯನ್ನು ದಾಟಿ ತೆರೆಗೆ ಬಂತು. ಆ ವರ್ಷದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ಕನ್ನಡಕ್ಕೆ ಆ ಗೌರವ ಬಂದದ್ದು ಅದೇ ಮೊದಲು. ಗಿರೀಶ ಕಾರ್ನಾಡರು ಪ್ರಾಣೇಶಾಚಾರ್ಯ, ಪಿ. ಲಂಕೇಶ್ ನಾರಣಪ್ಪ. ಸತ್ತ ನಾರಣಪ್ಪನ ಸಂಸ್ಕಾರ ಮಾಡುವವರಾರು ಎಂದು ಇಡೀ ಅಗ್ರಹಾರ ತರ್ಕಕ್ಕಿಳಿದಾಗ, ಮೈಮೇಲಿನ ಒಡವೆ ಬಿಚ್ಚಿಟ್ಟು ಆ ಕೆಲಸ ಮುಗಿಸಿರೆಂದು ಬೇಡುವವಳು ಅವನೊಂದಿಗೆ ಬಾಳಿದ್ದ ಚಂದ್ರಿ. ಕಥೆಯಲ್ಲಿ ಎಲ್ಲರಿಗಿಂತ ಕಡಿಮೆ ಮಾತಾಡಿ ಎಲ್ಲರಿಗಿಂತ ಸರಿಯಾದದ್ದನ್ನು ಮಾಡುವ ಹೆಣ್ಣು ಅವಳು. ಆ ಪಾತ್ರವನ್ನು ಕಣ್ಣಿನಲ್ಲೂ ನಿಲುವಿನಲ್ಲೂ ತುಂಬಿಕೊಟ್ಟದ್ದು ಸ್ನೇಹಲತಾ ಅವರ ಹಿರಿಮೆ. ಮುಂದೆ ಲಂಕೇಶರ ‘ಕ್ರಾಂತಿ ಬಂತು ಕ್ರಾಂತಿ’ ನಾಟಕ ಆಧರಿಸಿದ ‘ಚಂಡಮಾರುತ’ದಲ್ಲೂ ಅವರು ನಟಿಸಿದರು. ಆ ಚಿತ್ರ ತೆರೆಕಾಣುವ ಹೊತ್ತಿಗೆ ಅವರು ಇರಲಿಲ್ಲ.

ಲೇಖಕಿಯಾಗಿ ಅವರು ಮೊದಲು ಕೈಯಿಟ್ಟದ್ದು ನಾಟಕಕ್ಕೆ. ಇಂಗ್ಲಿಷಿನಲ್ಲಿ ‘ಸೀತಾ’ ಎಂಬ ನಾಟಕ ಬರೆದರು. ಆದರೆ ಅವರನ್ನು ನಿಜವಾಗಿ ಲೇಖಕಿಯಾಗಿಸಿದ್ದು ಸೆರೆಮನೆ.

ತುರ್ತುಪರಿಸ್ಥಿತಿಯಲ್ಲಿ ಭೂಗತರಾಗಿದ್ದ ಸಮಾಜವಾದಿ ನಾಯಕ ಜಾರ್ಜ್ ಫರ್ನಾಂಡಿಸ್ ಈ ಕುಟುಂಬದ ಆಪ್ತರು. ಫರ್ನಾಂಡಿಸ್ ಮುಖ್ಯ ಆರೋಪಿಯಾಗಿದ್ದ ಬರೋಡಾ ಡೈನಮೈಟ್ ಪ್ರಕರಣದ ಹೆಸರಿನಲ್ಲಿ 1976ರ ಮೇ 2ರಂದು ಸ್ನೇಹಲತಾ ಅವರನ್ನು ಬಂಧಿಸಲಾಯಿತು. ಪ್ರಕರಣದ ಅಂತಿಮ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಆದರೂ ಆಂತರಿಕ ಭದ್ರತೆಯ ಮೀಸಾ ಕಾಯ್ದೆಯಡಿ, ವಿಚಾರಣೆಯಿಲ್ಲದೆ, ಎಂಟು ತಿಂಗಳು ಬೆಂಗಳೂರು ಕೇಂದ್ರ ಕಾರಾಗೃಹದಲ್ಲಿ ಇಟ್ಟರು. ಅದೇ ಜೈಲಿನಲ್ಲಿದ್ದ ಎಲ್.ಕೆ. ಅಡ್ವಾಣಿ, ಮಧು ದಂಡವತೆ ಮುಂತಾದ ನಾಯಕರಿಗೆ ಜೊತೆಗಾರರಿದ್ದರು, ಚರ್ಚೆಯಿತ್ತು, ಓದಿತ್ತು. ಸ್ನೇಹಲತಾ ಅವರಿಗೆ ಸಿಕ್ಕಿದ್ದು ಒಂಟಿ ಕೋಣೆ ಮತ್ತು ಆಚೀಚೆ ಹೆಸರಿಲ್ಲದ ಬಡ ಕೈದಿ ಹೆಂಗಸರು. ರಾತ್ರಿ ಹೊತ್ತು ಸ್ನೇಹಲತಾ ಅವರ ಚೀರಾಟ ತಮಗೆ ಕೇಳಿಸುತ್ತಿತ್ತೆಂದು ದಂಡವತೆ ಮುಂದೆ ಬರೆದಿದ್ದಾರೆ.

ಅವರ ಸೆರೆಮನೆಯ ಡೈರಿ ಹುಟ್ಟಿದ್ದು ಅಲ್ಲಿ. ತಮ್ಮ ಉಬ್ಬಸ, ತಮ್ಮ ಅವಮಾನವಷ್ಟೇ ಅದರಲ್ಲಿ ಇದ್ದಿದ್ದರೆ ಅದು ಒಬ್ಬರ ನೋವಿನ ಕಥೆಯಾಗಿ ಉಳಿಯುತ್ತಿತ್ತು. ಒಳಗೆ ಬರುವ ಹೆಂಗಸರನ್ನು ಎಲ್ಲರೆದುರು ಬೆತ್ತಲೆ ಮಾಡಿ ತಪಾಸಣೆ ನಡೆಸುವುದು, ಹೊಡೆತ, ತಿನ್ನಲಾಗದ ಊಟ, ಇವನ್ನೆಲ್ಲ ಅವರು ಬರೆದಿಟ್ಟರು. ಬರೆದು ಸುಮ್ಮನಾಗಲಿಲ್ಲ. ಉಪವಾಸ ಕೂತರು, ಕೈದಿಗಳಿಗೆ ಹಾಡು, ಆಟ, ನಾಟಕ ಕಲಿಸಿದರು. ಹೊಡೆತ ಕಡಿಮೆಯಾಗಿ ಊಟ ಒಂದಿಷ್ಟು ಸುಧಾರಿಸಿತು. ನಟಿಯ ಕಣ್ಣಿಗೆ ದಕ್ಕುವ ಮನುಷ್ಯರ ಚಹರೆ, ಲೋಹಿಯಾವಾದಿಯ ನ್ಯಾಯದ ಹಸಿವು ಈ ಪುಟಗಳಲ್ಲಿ ಒಂದಾಗಿವೆ. ಹಜಾರಿಬಾಗ್ ಜೈಲಿನಲ್ಲಿ ವರ್ಷಗಟ್ಟಲೆ ಕಳೆದ ಬ್ರಿಟಿಷ್ ಶಿಕ್ಷಕಿ ಮೇರಿ ಟೈಲರ್ ಅವರ ಪುಸ್ತಕವೂ ಈ ಡೈರಿ ಪ್ರಕಟವಾದ 1977ರಲ್ಲೇ ಬಂತು. ಭಾರತದ ಜೈಲುಗಳಲ್ಲಿನ ಹೆಂಗಸರ ಬದುಕನ್ನು ಅರಿಯಲು ಇವೆರಡನ್ನೂ ಜೊತೆಗಿಟ್ಟು ಓದಬೇಕು.

ಉಬ್ಬಸದಿಂದ ಸೆರೆಯಲ್ಲಿ ಪ್ರಜ್ಞೆ ತಪ್ಪಿದರೂ ಅವರಿಗೆ ಸರಿಯಾದ ಚಿಕಿತ್ಸೆ ಸಿಗಲಿಲ್ಲ. ಸ್ಥಿತಿ ಕೈಮೀರಿದ ಮೇಲೆ, 1977ರ ಜನವರಿ 15ರಂದು, ಪೆರೋಲ್ ಮೇಲೆ ಹೊರಬಿಟ್ಟರು. 18ರಂದು ಇಂದಿರಾ ಗಾಂಧಿ ಲೋಕಸಭಾ ಚುನಾವಣೆ ಘೋಷಿಸಿದರು. 20ರಂದು ಸ್ನೇಹಲತಾ ತೀರಿಕೊಂಡರು. ಅದೇ ವರ್ಷ ಕರ್ನಾಟಕದ ಮಾನವ ಹಕ್ಕುಗಳ ಸಮಿತಿ ಡೈರಿಯನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿತು. ಮಗಳು ನಂದನಾ ರೆಡ್ಡಿ ದುಡಿಯುವ ಮಕ್ಕಳ ಹಕ್ಕುಗಳ ಹೋರಾಟಕ್ಕೆ, ಮಗ ಕೋನಾರ್ಕ್ ರೆಡ್ಡಿ ಸಂಗೀತಕ್ಕೆ ತಮ್ಮನ್ನು ಕೊಟ್ಟುಕೊಂಡರು. ಪಟ್ಟಾಭಿರಾಮ ರೆಡ್ಡಿ 2006ರಲ್ಲಿ ನಿಧನರಾದರು. ಸ್ನೇಹಲತಾ ಇದ್ದ ಜೈಲಿನ ಜಾಗ ಇಂದು ಬೆಂಗಳೂರಿನ ಫ್ರೀಡಂ ಪಾರ್ಕ್.