ಅರ್ಥ ಹೇಳುವ ಸುಲಭ ಮಾತು

ಇಂಗ್ಲಿಷ್ ನಿಘಂಟಿನಲ್ಲಿ ಒಂದು ಪದದ ಅರ್ಥ ಹುಡುಕಲು ಹೋಗಿ, ಅಲ್ಲಿನ ವಿವರಣೆಗೇ ಇನ್ನೊಂದು ನಿಘಂಟು ಬೇಕಾದ ಅನುಭವ ನಿಮಗೂ ಆಗಿರಬಹುದು. ಈ ತೊಡಕು ಇಂದಿನದಲ್ಲ.

1604ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ರಾಬರ್ಟ್ ಕಾಡ್ರಿಯವರ ಪುಟ್ಟ ಪುಸ್ತಕವನ್ನು ಮೊದಲ ಇಂಗ್ಲಿಷ್-ಇಂಗ್ಲಿಷ್ ನಿಘಂಟು ಎನ್ನುತ್ತಾರೆ. ಸುಮಾರು 2,500 ಕಠಿಣ ಪದಗಳಿಗೆ ಅದರಲ್ಲಿ ಸರಳ ಅರ್ಥವಿತ್ತು. ಹೆಚ್ಚು ಓದು ದಕ್ಕದ ಹೆಂಗಸರಿಗೂ ಇತರರಿಗೂ ಇದು ಎಂದು ಮುಖಪುಟವೇ ಸಾರಿತ್ತು.

1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ನರ ಮಹಾನಿಘಂಟು ಬಂತು. ಅದು ಪಾಂಡಿತ್ಯದ ಗಣಿಯೇ ಸರಿ. ಆದರೆ 'ನೆಟ್‌ವರ್ಕ್', ಅಂದರೆ ಬಲೆಯಂಥ ಹೆಣಿಗೆ, ಎಂಬುದಕ್ಕೆ ಅಲ್ಲಿರುವ ವಿವರಣೆ ಪದಕ್ಕಿಂತಲೂ ಕಠಿಣ!

ಇದಕ್ಕೊಂದು ದಾರಿ ತೋರಿದವರು ಢಾಕಾದಲ್ಲಿ ಅಧ್ಯಾಪಕರಿಗೆ ತರಬೇತಿ ನೀಡುತ್ತಿದ್ದ ಮೈಕೇಲ್ ವೆಸ್ಟ್. ಬಂಗಾಳದ ಮಕ್ಕಳು ವರ್ಷಗಟ್ಟಲೆ ಕಲಿತರೂ ಇಂಗ್ಲಿಷ್ ಪುಸ್ತಕ ಓದಲು ತಿಣುಕುವುದನ್ನು ಅವರು ಕಂಡಿದ್ದರು. 1935ರಲ್ಲಿ ಜೇಮ್ಸ್ ಎಂಡಿಕಾಟರೊಡನೆ ಹೊರತಂದ ನಿಘಂಟಿನಲ್ಲಿ ಸುಮಾರು 24,000 ಪದ, ನುಡಿಗಟ್ಟುಗಳನ್ನು ಕೇವಲ 1,490 ಪದಗಳಿಂದಲೇ ವಿವರಿಸಿದರು. ಕಲಿಯುವವರಿಗಾಗಿ ಮುಂದೆ ಬಂದ ಎಷ್ಟೋ ನಿಘಂಟುಗಳು ಇದೇ ಹಾದಿ ಹಿಡಿದವು.

ಇನ್ನು ನಿಮ್ಮ ಮನೆಯ ಮಗು ಪದವೊಂದರ ಅರ್ಥ ಕೇಳಿದಾಗ, ಅದಕ್ಕೆ ಗೊತ್ತಿರುವ ಮಾತುಗಳಲ್ಲೇ ಹೇಳಿನೋಡಿ. ಅರ್ಥ ಹೇಳಬೇಕಾದ್ದು ಕೇಳುವವರಿಗಾಗಿ, ಹೇಳುವವರಿಗಾಗಿ ಅಲ್ಲ.