ಹೊಸ ಬೈಕು, ಹಳೇ ಜಗಳ: ಹಿಮಾಲಯನ್ 450 ಬಗ್ಗೆ ಸವಾರರು ಹೇಳೋದ್ರಲ್ಲಿ ಎಷ್ಟು ನಿಜ?

🏍️ ಬೈಕ್ ಚರಿತ್ರೆ ಸರಣಿ. ಒಟ್ಟು 7 ಭಾಗ. ಉದ್ದ ಇದೆ, ಸೇವ್ ಮಾಡ್ಕೊಂಡು ನಿಧಾನಕ್ಕೆ ಓದಿ.

▪️ 1/7: ಜಗಳ ಏನು?

2023ರ ನವೆಂಬರ್‌ನಲ್ಲಿ ಗೋವಾದಲ್ಲಿ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450 ಬಿಡುಗಡೆ ಆಯ್ತು. ಆರಂಭದ ಎಕ್ಸ್‌ಶೋರೂಂ ಬೆಲೆ 2.69 ಲಕ್ಷ. ಅವತ್ತಿಂದ ಹೈವೇ ಪಕ್ಕದ ಟೀ ಅಂಗಡಿ ಮುಂದೆ ನಾಲ್ಕು ಬೈಕ್ ನಿಂತ್ರೆ ಸಾಕು, ಅದೇ ಚರ್ಚೆ.

ಒಬ್ಬರು ಹೇಳ್ತಾರೆ, "ಕೊನೆಗೂ ಪವರ್ ಬಂತು." ಇನ್ನೊಬ್ಬರು, "ಹಳೇ 411ರ ಮಜಾನೇ ಬೇರೆ, ಇದು ಬರೀ ಕಂಪ್ಯೂಟರ್." ಮೂರನೆಯವರು ಸುಮ್ಮನೆ ಸೀಟ್ ಮೇಲೆ ಕೂತು ಕಾಲು ನೆಲಕ್ಕೆ ಎಟಕುತ್ತಾ ಅಂತ ನೋಡ್ತಿರ್ತಾರೆ.

ಮೂವರ ಮಾತಲ್ಲೂ ಹುರುಳಿದೆ. ಆದರೆ ಈ ಜಗಳ 2023ರಲ್ಲಿ ಹುಟ್ಟಿದ್ದಲ್ಲ, ನಲವತ್ತು ವರ್ಷಕ್ಕೂ ಹಳೇದು. ಆ ಚರಿತ್ರೆ ಗೊತ್ತಿದ್ರೆ ಯಾವ ದೂರನ್ನ ಗಂಭೀರವಾಗಿ ತಗೋಬೇಕು, ಯಾವುದನ್ನ ಗಾಳಿಗೆ ಬಿಡಬೇಕು ಅಂತ ನಿಮಗೇ ತಿಳಿಯುತ್ತೆ. ಮೂರು ಲಕ್ಷದ ವಿಷಯ, ಸ್ವಲ್ಪ ಹೊತ್ತು ಕೊಡಿ.

▪️ 2/7: ಮರುಭೂಮಿಯಿಂದ ಶುರು

1978ರ ಡಿಸೆಂಬರ್ 26ರಂದು ಪ್ಯಾರಿಸ್‌ನಿಂದ ಸೆನೆಗಲ್ ದೇಶದ ಡಕಾರ್‌ಗೆ ಮೊದಲ ರ‍್ಯಾಲಿ ಹೊರಟಿತು. ಸುಮಾರು 10,000 ಕಿ.ಮೀ. ದಾರಿ. ಬೈಕ್‌ನಲ್ಲಿ ಗೆದ್ದವನು ಫ್ರಾನ್ಸಿನ ಸಿರಿಲ್ ನೆವ್ಯೂ, ಅವನ ಬೈಕು ಯಮಹಾ ಎಕ್ಸ್‌ಟಿ500. ಒಂದೇ ಸಿಲಿಂಡರ್, ಗಾಳಿಯಿಂದಲೇ ತಣ್ಣಗಾಗೋ ಎಂಜಿನ್, ಕಿಕ್ ಹೊಡೆದು ಸ್ಟಾರ್ಟ್ ಮಾಡಬೇಕು. ಅಷ್ಟೇ.

1980ರಲ್ಲಿ ಬಿಎಂಡಬ್ಲ್ಯು ಆರ್80 ಜಿ/ಎಸ್ ಬಂತು. ಎರಡು ಸಿಲಿಂಡರ್, 798 ಸಿಸಿ, 50 ಹಾರ್ಸ್‌ಪವರ್. ಕಾಡುದಾರಿಗೆ ಹಗುರ ಬೈಕೇ ಸರಿ ಅಂತ ನಂಬಿದ್ದವರ ಕಣ್ಣಿಗೆ ಇದೊಂದು ಆನೆ. ಆದರೆ ಮರುವರ್ಷವೇ ಹ್ಯೂಬರ್ಟ್ ಓರಿಯೋಲ್ ಬಿಎಂಡಬ್ಲ್ಯು ಮೇಲೆ ಡಕಾರ್ ಗೆದ್ದ. ಹೆದ್ದಾರಿಯಲ್ಲಿ ದಿನವಿಡೀ ಓಡಿ, ಸಂಜೆ ಮಣ್ಣಿನ ದಾರಿಗೂ ಇಳಿಯೋ ಬೈಕು ಅನ್ನೋ ಇಡೀ ಜಾತಿ ಆ ಜಿ/ಎಸ್‌ನಿಂದ ಬೆಳೀತು. ಇವತ್ತು ಅದನ್ನೇ ನಾವು ಅಡ್ವೆಂಚರ್ ಬೈಕ್ ಅಂತೀವಿ.

ಗಮನಿಸಿ: "ಪವರ್ ಜಾಸ್ತಿ ಆಯ್ತು" ಅನ್ನೋ ದೂರು ಆ ಗೆಲುವಿನ ಜತೆಗೇ ಮುಗೀತು.

▪️ 3/7: ಆನೆ ನಿಜವಾಗ್ಲೂ ಆನೆ ಆಯ್ತು

ಮುಗಿಯದೇ ಉಳಿದ ದೂರು ತೂಕದ್ದು. ಮೊದಲ ಜಿ/ಎಸ್ ಪೆಟ್ರೋಲ್ ತುಂಬಿದ್ರೂ 190 ಕೆ.ಜಿ. ಒಳಗಿತ್ತು. 2004ರ ಹೊತ್ತಿಗೆ ಅದರ ಮೊಮ್ಮಗ ಆರ್1150 ಜಿಎಸ್ ಅಡ್ವೆಂಚರ್ 250 ಕೆ.ಜಿ. ದಾಟಿತ್ತು.

ಆ ವರ್ಷ ನಟ ಯೂಅನ್ ಮೆಕ್‌ಗ್ರೆಗರ್ ಮತ್ತು ಗೆಳೆಯ ಚಾರ್ಲಿ ಬೋರ್ಮನ್ ಅದೇ ಬೈಕ್‌ಗಳಲ್ಲಿ ಲಂಡನ್‌ನಿಂದ ನ್ಯೂಯಾರ್ಕ್‌ಗೆ ಹೊರಟರು. ಲಾಂಗ್ ವೇ ರೌಂಡ್ ಸರಣಿ ನೋಡಿದವರಿಗೆ ಮಂಗೋಲಿಯಾದ ಭಾಗ ನೆನಪಿರುತ್ತೆ. ಕೆಸರಲ್ಲಿ ಬೀಳೋದು, ಎತ್ತೋದು, ಮತ್ತೆ ಬೀಳೋದು. ಜತೆಗಿದ್ದ ಕ್ಯಾಮೆರಾಮನ್‌ನ ಜರ್ಮನ್ ಬೈಕ್ ಕೈಕೊಟ್ಟಾಗ ಅವನು ಹತ್ತಿದ್ದು ಒಂದು ರಷ್ಯನ್ ಇಝ್ ಪ್ಲಾನೆಟಾ 5. ಸಾಧಾರಣ ಟೂ ಸ್ಟ್ರೋಕ್ ಬೈಕು. ದೊಡ್ಡವು ಹೂತುಕೊಳ್ಳೋ ಕಡೆ ಅದು ಹಗುರವಾಗಿ ಹೋಗ್ತಿತ್ತು.

ಡಕಾರ್‌ನಲ್ಲೂ ದೊಡ್ಡ ಎಂಜಿನ್‌ಗಳ ಕಾಲ ಮುಗೀತು, 2011ರಿಂದ 450 ಸಿಸಿ ಮಿತಿ. 2015ರಲ್ಲಿ ಡಕಾರ್‌ಗೆ ಹೋದ ಮೊದಲ ಭಾರತೀಯ, ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್, 36ನೆಯವರಾಗಿ ಮುಗಿಸಿದ್ದೂ 450ರ ಮೇಲೇ.

▪️ 4/7: ನಮ್ಮ ಕಡೆ ಕಥೆ ಬೇರೆ

ನಮ್ಮಲ್ಲಿ ಅಡ್ವೆಂಚರ್ ಬೈಕ್ ಅನ್ನೋ ಹೆಸರಿಗಿಂತ ಮುಂಚೆನೇ ಅಡ್ವೆಂಚರ್ ಇತ್ತು. 1950ರ ದಶಕದಲ್ಲಿ ಸೇನೆಗಾಗಿ ಬುಲೆಟ್ ಬಂತು. 1961ರಿಂದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಜಾವಾ, ಆಮೇಲೆ ಯೆಜ್ಡಿ ತಯಾರಾದವು. ಗೇರ್ ಲಿವರ್ರೇ ಕಿಕ್ಕರ್ ಕೂಡ ಆಗಿದ್ದ ಬೈಕು, ಅಪ್ಪಂದಿರನ್ನ ಕೇಳಿ, ಕಣ್ಣರಳಿಸಿ ಹೇಳ್ತಾರೆ.

ಆ ಟೂ ಸ್ಟ್ರೋಕ್ ಎಂಜಿನ್‌ನಲ್ಲಿ ವಾಲ್ವ್ ಇಲ್ಲ, ಕ್ಯಾಮ್ ಇಲ್ಲ. ನಿಂತುಹೋದ್ರೆ ಪ್ಲಗ್ ಬಿಚ್ಚಿ ಒರೆಸಿ, ಪಾಯಿಂಟ್ ಗ್ಯಾಪ್ ಸರಿಮಾಡಿ, ಕಾರ್ಬುರೇಟರ್ ಜೆಟ್ ಊದಿ, ಮತ್ತೆ ಕಿಕ್. ಯಾವ ಊರಿನ ಗ್ಯಾರೇಜಲ್ಲೂ ಒಬ್ಬ ಮೇಸ್ತ್ರಿಗೆ ಅದರ ನಾಡಿ ಗೊತ್ತಿರ್ತಿತ್ತು. 1996ರಲ್ಲಿ ಕಾರ್ಖಾನೆ ಮುಚ್ಚಿತು, ಆದರೆ "ದಾರೀಲಿ ರಿಪೇರಿ ಆಗೋದೇ ಒಳ್ಳೇ ಬೈಕು" ಅನ್ನೋ ನಂಬಿಕೆ ನಮ್ಮ ತಲೆಯಲ್ಲಿ ಉಳೀತು.

ಇನ್ನೊಂದು ಮುಖನೂ ಹೇಳ್ಬೇಕು. ದಾರೀಲಿ ರಿಪೇರಿ ಮಾಡೋದನ್ನ ಎಲ್ಲರೂ ಕಲಿತಿದ್ದು ಯಾಕೆ? ಅವು ದಾರೀಲಿ ನಿಲ್ತಿದ್ವು, ಅದಕ್ಕೆ!

▪️ 5/7: 411ನ್ನೂ ಬೈದಿದ್ವಿ, ಮರೆತ್ರಾ?

2016ರ ಮಾರ್ಚ್‌ನಲ್ಲಿ ಮೊದಲ ಹಿಮಾಲಯನ್ ಬಂತು. 411 ಸಿಸಿ, 24.5 ಹಾರ್ಸ್‌ಪವರ್, 5 ಗೇರ್. ಆಗ ಸವಾರರು ಏನಂದ್ರು? "ಇಷ್ಟು ದೊಡ್ಡ ಬೈಕಿಗೆ ಇಷ್ಟೇನಾ ಪವರ್?" ಶುರುವಿನ ಬ್ಯಾಚ್‌ಗಳ ಗುಣಮಟ್ಟದ ಬಗ್ಗೆಯೂ ದೂರುಗಳು ಬಂದವು. 2017ರಲ್ಲಿ ಕಾರ್ಬುರೇಟರ್ ಹೋಗಿ ಫ್ಯುಯೆಲ್ ಇಂಜೆಕ್ಷನ್ ಬಂತು, ಆಗಲೂ "ಇನ್ಮೇಲೆ ಹಳ್ಳಿ ಮೆಕ್ಯಾನಿಕ್ ಕೈಗೆ ಸಿಗಲ್ಲ" ಅಂದರು. ಇವತ್ತು "ಹಳೇದೇ ಚೆಂದ" ಅಂತ ಹೊಗಳಿಸಿಕೊಳ್ತಿರೋದು ಅದೇ ಇಂಜೆಕ್ಷನ್ ಬೈಕು!

ಪ್ರೀತಿ ಸುಮ್ಮನೆ ಬರಲಿಲ್ಲ. ಅದರ ಎಂಜಿನ್ ಲಾಂಗ್ ಸ್ಟ್ರೋಕ್. 78 ಮಿ.ಮೀ. ಅಗಲದ ಸಿಲಿಂಡರ್‌ನಲ್ಲಿ ಪಿಸ್ಟನ್ 86 ಮಿ.ಮೀ. ಓಡುತ್ತೆ. ಹಾಗಾಗಿ ಕಡಿಮೆ ಆರ್‌ಪಿಎಂನಲ್ಲೇ ಎಳೆಯುತ್ತೆ, ಕಲ್ಲುದಾರೀಲಿ ಎತ್ತಿನಗಾಡಿ ಥರ ನಿಧಾನಕ್ಕೆ, ಆದರೆ ನಿಲ್ಲದೆ ಹತ್ತುತ್ತೆ. ರೇಡಿಯೇಟರ್ ಇಲ್ಲ. ಸೀಟ್ 800 ಮಿ.ಮೀ., ಸಾಧಾರಣ ಎತ್ತರದವರ ಕಾಲೂ ನೆಲಕ್ಕೆ ಸಿಗ್ತಿತ್ತು. ಮೊದಲ ಸಲ ಲಡಾಖ್‌ಗೆ ಹೋಗೋರಿಗೆ ಈ ಧೈರ್ಯ ದೊಡ್ಡದು.

▪️ 6/7: ಈಗ 450ರ ಲೆಕ್ಕ

ಪವರ್: 452 ಸಿಸಿ, 40 ಹಾರ್ಸ್‌ಪವರ್, 40 ನ್ಯೂಟನ್ ಮೀಟರ್ ಟಾರ್ಕ್, 6 ಗೇರ್. "ಬೆಟ್ಟಕ್ಕೆ ಇಷ್ಟು ಯಾಕೆ?" ಅನ್ನೋರಿಗೆ ಒಂದು ಲೆಕ್ಕ. ಖಾರ್ದುಂಗ್ ಲಾ ಸುಮಾರು 5,360 ಮೀಟರ್ ಎತ್ತರ. ಅಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಎಂಜಿನ್‌ಗೂ ಉಸಿರು ಬೇಕಲ್ವಾ? 411ರ 24.5 ಅಲ್ಲಿ ಹೆಚ್ಚುಕಮ್ಮಿ 13 ಆಗುತ್ತೆ. ಹಿಂದೆ ಒಬ್ಬರು ಕೂತು, ಲಗೇಜೂ ಇದ್ರೆ ಮುಗೀತು. 450ರ 40 ಸುಮಾರು 21 ಆಗುತ್ತೆ. ಅಂದ್ರೆ ಹೊಸ ಬೈಕು ಪಾಸ್ ಮೇಲೆ ಕೊಡೋದು, ಹಳೇದು ಮಂಗಳೂರಲ್ಲಿ ಕೊಡ್ತಿದ್ದಕ್ಕಿಂತ ಸ್ವಲ್ಪ ಕಮ್ಮಿ. ಇದು ಶೋಕಿ ಅಲ್ಲ.

ಎಳೆತ: ಇದರ ಎಂಜಿನ್ 84 × 81.5. ಶಾರ್ಟ್ ಸ್ಟ್ರೋಕ್, ಆರ್‌ಪಿಎಂ ಏರಿದಾಗಲೇ ಖುಷಿ. ತುಂಬಾ ನಿಧಾನದಲ್ಲಿ, ತಿರುವಿನ ಏರಲ್ಲಿ ಗೇರ್ ಇಳಿಸಲೇಬೇಕು ಅನ್ನೋ ದೂರು ನಿಜ. ಅಭ್ಯಾಸ ಆದರೆ ಮರೆಯುತ್ತೆ.

ತೂಕ: 196 ಕೆ.ಜಿ., ಹಳೇದಕ್ಕಿಂತ 3 ಕೆ.ಜಿ. ಕಡಿಮೆ. ಆದರೆ ಟ್ಯಾಂಕ್ 15ರಿಂದ 17 ಲೀಟರ್ ಆಗಿದೆ, ಸೀಟ್ 825 ಮಿ.ಮೀ.ಗೆ ಏರಿದೆ. ತಕ್ಕಡಿಯಲ್ಲಿ ಕಮ್ಮಿ ಇದ್ರೂ ಕೈಯಲ್ಲಿ ಜಾಸ್ತಿ ಅನ್ನಿಸಬಹುದು. ಒಂಟಿಯಾಗಿ ಹೋಗೋರು, ಎತ್ತರ ಕಮ್ಮಿ ಇರೋರು, ಅದರಲ್ಲೂ ಅನೇಕ ಹೆಣ್ಮಕ್ಕಳು ಹೇಳೋ ಈ ಮಾತನ್ನ "ಪ್ರಾಕ್ಟೀಸ್ ಮಾಡಿ" ಅಂತ ತಳ್ಳಿಹಾಕಬೇಡಿ. ಯಾರು ಹೋಗಬಹುದು, ಯಾರು ಮನೇಲೇ ಉಳೀತಾರೆ ಅಂತ ತೀರ್ಮಾನ ಮಾಡೋದು ಇದೇ. ಕಡಿಮೆ ಎತ್ತರದ ಸೀಟೂ ಸಿಗುತ್ತೆ, ಹಾಕಿಸಿ ನೋಡಿ.

ಟೈರ್: ಶುರುವಲ್ಲಿ ಟ್ಯೂಬ್ ಇದ್ದ ಸ್ಪೋಕ್ ಚಕ್ರ ಮಾತ್ರ, ಟ್ಯೂಬ್‌ಲೆಸ್ ಸ್ಪೋಕ್ ಆಮೇಲೆ ಬಂತು. ಟ್ಯೂಬ್ ಪಂಕ್ಚರ್ ಆದ್ರೆ ಚಕ್ರ ಬಿಚ್ಚಿ ಟೈರ್ ಕಳಚಬೇಕು. ಟ್ಯೂಬ್‌ಲೆಸ್ ಆದ್ರೆ ಚಕ್ರ ಬಿಚ್ಚದೆ ಪ್ಲಗ್ ಚುಚ್ಚಿ ಹೊರಡಬಹುದು. ಆದರೆ ಕಲ್ಲಿಗೆ ಬಡಿದು ರಿಮ್ ಸೊಟ್ಟಗಾದ್ರೆ ಟ್ಯೂಬ್ ಇರೋದೇ ಮನೆ ಮುಟ್ಟಿಸುತ್ತೆ. ಎರಡೂ ಕಡೆಯವರು ಸರಿ, ದಾರಿ ಬೇರೆ.

ರಿಪೇರಿ: ಈಗ ರೇಡಿಯೇಟರ್ ಇದೆ, ಆಕ್ಸಿಲರೇಟರ್ ಕೂಡ ಎಲೆಕ್ಟ್ರಾನಿಕ್, ದುಂಡು ಸ್ಕ್ರೀನ್‌ನಲ್ಲಿ ಮ್ಯಾಪ್ ಬರಬೇಕಂದ್ರೆ ಫೋನ್ ಬೇಕು. ಸೆನ್ಸರ್ ಕೆಟ್ಟರೆ ಪ್ಲಗ್ ಒರೆಸಿ ಪ್ರಯೋಜನ ಇಲ್ಲ, ಸ್ಕ್ಯಾನರ್ ಇರೋ ಸರ್ವಿಸ್ ಸೆಂಟರೇ ಗತಿ. ಬಾಳಿಕೆ ಬಂದರೆ ಈ ಮಾತು ತಣ್ಣಗಾಗುತ್ತೆ, ಬರದಿದ್ರೆ ಇದೇ ದೊಡ್ಡ ಮಾತಾಗುತ್ತೆ.

▪️ 7/7: ಹಾಗಾದ್ರೆ ಯಾರ ಮಾತು ಕೇಳೋದು?

ಇಷ್ಟು ವರ್ಷದ ಚರಿತ್ರೆ ಹೇಳೋದು ಒಂದೇ. ಪವರ್ ಬಗ್ಗೆ ಆದ ಜಗಳಗಳು ಕೆಲವು ವರ್ಷದಲ್ಲಿ ಮರೆತುಹೋಗುತ್ತವೆ. ತೂಕ, ಎತ್ತರ, ರಿಪೇರಿ ಬಗ್ಗೆ ಆದ ಜಗಳಗಳು ಉಳಿಯುತ್ತವೆ, ಯಾಕಂದ್ರೆ ಫೋನ್ ಸಿಗ್ನಲ್ ಇಲ್ಲದ ಜಾಗದಲ್ಲಿ ನಿಮ್ಮ ಜತೆ ಇರೋದು ಅವೇ ಮೂರು.

ಅದಕ್ಕೇ ಯಾರಾದ್ರೂ ಬೈಕ್ ಬಗ್ಗೆ ಅಭಿಪ್ರಾಯ ಹೇಳಿದಾಗ ನಾಲ್ಕು ಪ್ರಶ್ನೆ ಕೇಳಿ. ಎಷ್ಟು ಕಿ.ಮೀ. ಓಡಿಸಿದ್ದೀರಿ? ಯಾವ ದಾರೀಲಿ? ನಿಮ್ಮ ಎತ್ತರ ಎಷ್ಟು? ಕೆಟ್ಟಾಗ ಸರಿಮಾಡಿದ್ದು ಯಾರು? ವಾರಾಂತ್ಯಕ್ಕೆ ಸಕಲೇಶಪುರಕ್ಕೆ ಹೋಗಿಬರೋರ ಅಭಿಪ್ರಾಯ ಸುಳ್ಳಲ್ಲ, ಆದರೆ ಅದು ಸಕಲೇಶಪುರದ ಅಭಿಪ್ರಾಯ. ಸ್ಪಿತಿಯಲ್ಲಿ ಅಡ್ಡಬಿದ್ದ ಬೈಕನ್ನ ಒಬ್ಬರೇ ಎತ್ತಿದವರ ಅಭಿಪ್ರಾಯ ಬೇರೇನೇ ಇರುತ್ತೆ. ನಿಮ್ಮ ದಾರಿ ಯಾವುದೋ ಆ ದಾರಿ ಓಡಿದವರ ಮಾತು ಕೇಳಿ.

ಕೊನೆಗೊಂದು: ಶೋರೂಮಿಗೆ ಹೋದಾಗ ಟೆಸ್ಟ್ ರೈಡ್‌ಗೆ ಮುಂಚೆ ಬೈಕನ್ನ ನ್ಯೂಟ್ರಲ್‌ನಲ್ಲಿ ಹತ್ತು ಹೆಜ್ಜೆ ಹಿಂದಕ್ಕೆ ತಳ್ಳಿ ನೋಡಿ. ಸ್ಪೆಕ್ ಶೀಟ್ ಹೇಳದ ಎಷ್ಟೋ ವಿಷಯ ಆ ಹತ್ತು ಹೆಜ್ಜೆ ಹೇಳುತ್ತೆ.

450 ಓಡಿಸಿದ್ದೀರಾ? 411 ಇನ್ನೂ ಇಟ್ಕೊಂಡಿದ್ದೀರಾ? ಕಿಲೋಮೀಟರ್ ಜತೆಗೆ ಕಾಮೆಂಟ್‌ನಲ್ಲಿ ಬರೀರಿ 👇

#ಬೈಕ್‌ಚರಿತ್ರೆ #ಹಿಮಾಲಯನ್450 #ಹಿಮಾಲಯನ್411 #ಕನ್ನಡರೈಡರ್ಸ್