ಸ್ಥಿರಾಸ್ತಿ ದಲ್ಲಾಳಿಗಳೂ ಶಿಸ್ತಿನ ಅಧಿಕಾರವೂ: ಅಮೆರಿಕಾ ದೇಶದ ಚರಿತ್ರೆಯಿಂದ ಒಂದು ವಿಚಾರ

ಮನೆ, ನಿವೇಶನ, ಹೊಲಗದ್ದೆಗಳ ಕ್ರಯವಿಕ್ರಯಗಳಲ್ಲಿ ಮಾರುವವನಿಗೂ ಕೊಳ್ಳುವವನಿಗೂ ನಡುವೆ ನಿಂತು ವ್ಯವಹಾರವನ್ನು ಕುದುರಿಸಿಕೊಡುವ ದಲ್ಲಾಳಿಯ ವೃತ್ತಿ ಬಹಳ ಹಳೆಯದು. ದಲ್ಲಾಳಿಗಳ ವಿಷಯದಲ್ಲಿ ಜನರಿಗೂ ಪ್ರಭುತ್ವಕ್ಕೂ ಇರುವ ಸಂದೇಹವೂ ಹಳೆಯದೇ. ಇಂಗ್ಲೆಂಡಿನಲ್ಲಿ ಒಂದನೆಯ ಎಡ್ವರ್ಡ್ ದೊರೆಯ ಆಳ್ವಿಕೆಯಲ್ಲಿ, ೧೨೮೫ರಷ್ಟು ಹಿಂದೆಯೇ, ಲಂಡನ್ ನಗರದ ದಲ್ಲಾಳಿಗಳು ನಗರಾಧಿಕಾರಿಗಳ ಒಪ್ಪಿಗೆ ಪಡೆದು ಪ್ರಮಾಣವಚನ ಸ್ವೀಕರಿಸಿದ ಹೊರತು ವೃತ್ತಿಯನ್ನು ನಡೆಸಕೂಡದೆಂಬ ವಿಧಿ ಜಾರಿಗೆ ಬಂದಿತ್ತು. ದಲ್ಲಾಳಿಯನ್ನು ಯಾರಾದರೂ ಅಂಕೆಯಲ್ಲಿಡಬೇಕು, ತಪ್ಪಿ ನಡೆದವನನ್ನು ವೃತ್ತಿಯಿಂದ ಹೊರಗೆ ಹಾಕಬೇಕು ಎಂಬುದರಲ್ಲಿ ಅಂದಿನಿಂದ ಇಂದಿನವರೆಗೆ ಹೆಚ್ಚಿನ ಭಿನ್ನಾಭಿಪ್ರಾಯವಿಲ್ಲ.

ಆದರೆ ‘ತಪ್ಪಿ ನಡೆಯುವುದು’ ಎಂದರೇನು? ಅದನ್ನು ನಿರ್ಣಯಿಸುವವರು ಯಾರು? ಯಾರ ಹಿತವನ್ನು ಕಾಯುವುದಕ್ಕಾಗಿ? ಈ ಪ್ರಶ್ನೆಗಳಿಗೆ ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಇಪ್ಪತ್ತನೆಯ ಶತಮಾನದ ಚರಿತ್ರೆಯಲ್ಲಿ ದೊರೆಯುವ ಉತ್ತರ ಒಂದೇ ಅಲ್ಲ, ಎರಡು; ಆ ಎರಡೂ ಪರಸ್ಪರ ವಿರುದ್ಧವಾದುವು. ಒಂದು ಕಾಲದಲ್ಲಿ ಯಾವ ಕಾರ್ಯಕ್ಕಾಗಿ ದಲ್ಲಾಳಿಯನ್ನು ಅವನ ಸಂಘವು ಹೊರದೂಡುತ್ತಿದ್ದಿತೋ, ಮುಂದೆ ಅದೇ ಕಾರ್ಯವನ್ನು ಮಾಡಲು ನಿರಾಕರಿಸಿದವನು ಕಾನೂನಿನ ದೃಷ್ಟಿಯಲ್ಲಿ ಅಪರಾಧಿಯಾದನು. ಈ ಪರಿವರ್ತನೆಯ ಕ್ರಮವನ್ನು ಸ್ಥೂಲವಾಗಿ ನಿರೂಪಿಸುವುದು ಪ್ರಸ್ತುತ ಲೇಖನದ ಉದ್ದೇಶ.

೧

ಹತ್ತೊಂಬತ್ತನೆಯ ಶತಮಾನದ ಅಂತ್ಯದವರೆಗೆ ಅಮೆರಿಕಾದಲ್ಲಿ ಸ್ಥಿರಾಸ್ತಿ ದಲ್ಲಾಳಿಯಾಗುವುದಕ್ಕೆ ವಿಶೇಷ ಅರ್ಹತೆಯೇನೂ ಬೇಕಿರಲಿಲ್ಲ. ನಗರಗಳು ವೇಗವಾಗಿ ಬೆಳೆಯುತ್ತಿದ್ದ ಕಾಲವದು. ಇಲ್ಲದ ಸೌಕರ್ಯಗಳನ್ನು ಇವೆಯೆಂದು ಹೇಳಿ ನಿವೇಶನ ಮಾರುವುದು, ಕೊಳ್ಳುವವನು ಕೊಟ್ಟ ಮುಂಗಡವನ್ನು ಸ್ವಂತ ಹಣದೊಡನೆ ಬೆರೆಸಿಕೊಳ್ಳುವುದು, ಮಾರುವವನಿಂದಲೂ ಕೊಳ್ಳುವವನಿಂದಲೂ ಗುಟ್ಟಾಗಿ ದಲ್ಲಾಳಿ ಹಣ ಪಡೆಯುವುದು, ಬೇರೊಬ್ಬರ ಹೆಸರಿನಲ್ಲಿ ತಾನೇ ಕಡಮೆ ಬೆಲೆಗೆ ಕೊಂಡು ಹೆಚ್ಚು ಬೆಲೆಗೆ ಮಾರುವುದು ಮೊದಲಾದ ಮೋಸಗಳು ಹಬ್ಬಿದ್ದುವು. ವೃತ್ತಿಯಲ್ಲಿ ಮಾನವಂತರಾಗಿ ಬಾಳಲಿಚ್ಛಿಸಿದವರಿಗೆ ಇದು ಅಪಕೀರ್ತಿಯ ಮೂಲವಾಯಿತು.

ಹೀಗಾಗಿ ೧೯೦೮ರಲ್ಲಿ ಶಿಕಾಗೋ ನಗರದಲ್ಲಿ ದಲ್ಲಾಳಿಗಳ ರಾಷ್ಟ್ರೀಯ ಸಂಘವೊಂದು ಸ್ಥಾಪಿತವಾಯಿತು. ಅದು ೧೯೧೩ರಲ್ಲಿ ತನ್ನ ನೀತಿಸಂಹಿತೆಯನ್ನು ಅಂಗೀಕರಿಸಿತು. ಸಂಘದ ಸದಸ್ಯರನ್ನು ಇತರರಿಂದ ಬೇರ್ಪಡಿಸಿ ಗುರುತಿಸುವುದಕ್ಕಾಗಿ ‘ರಿಯಲ್ಟರ್’ ಎಂಬ ಹೊಸ ಪದವು ೧೯೧೬ರಲ್ಲಿ ಬಳಕೆಗೆ ಬಂದಿತು.

ಸಂಘದ ನಿಯಮಗಳು ಸದಸ್ಯರನ್ನು ಮಾತ್ರ ಕಟ್ಟಬಲ್ಲವು. ಎಲ್ಲರನ್ನೂ ಕಟ್ಟಬೇಕಾದರೆ ರಾಜ್ಯದ ಕಾಯಿದೆ ಬೇಕು. ಕ್ಯಾಲಿಫೋರ್ನಿಯಾ ರಾಜ್ಯವು ೧೯೧೭ರಲ್ಲಿ ದಲ್ಲಾಳಿಗಳಿಗೆ ಪರವಾನಗಿಯನ್ನು ಕಡ್ಡಾಯ ಮಾಡಿತು. ಆ ಕಾಯಿದೆ ರಾಜ್ಯಾಂಗವಿರುದ್ಧವೆನಿಸಿ ಬಿದ್ದುಹೋಗಲು, ೧೯೧೯ರಲ್ಲಿ ಹೊಸದೊಂದನ್ನು ಮಾಡಲಾಯಿತು. ಅದೇ ವರ್ಷ ರೈಲಿ ಮತ್ತು ಚೇಂಬರ್ಸ್ ಮೊಕದ್ದಮೆಯಲ್ಲಿ ಆ ರಾಜ್ಯದ ಶ್ರೇಷ್ಠ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ೧೯೨೨ರಲ್ಲಿ ಟೆನೆಸಿ ರಾಜ್ಯದ ಇಂಥದೇ ಕಾಯಿದೆಯನ್ನು ಸಂಯುಕ್ತ ಸಂಸ್ಥಾನಗಳ ಶ್ರೇಷ್ಠ ನ್ಯಾಯಾಲಯವೂ ಮಾನ್ಯ ಮಾಡಿತು. ೧೯೨೬ರಲ್ಲಿ ನ್ಯೂಯಾರ್ಕಿನ ಕಾಯಿದೆಯನ್ನು ಸಮರ್ಥಿಸುತ್ತ ನ್ಯಾಯಾಧೀಶ ಬೆಂಜಮಿನ್ ಕಾರ್ಡೋಜೊ ಅವರು ಈ ನಿಯಂತ್ರಣದ ತತ್ತ್ವವನ್ನು ವಿಶದಪಡಿಸಿದರು. ದಲ್ಲಾಳಿಯು ತನ್ನ ವೃತ್ತಿಯ ಸ್ವಭಾವದಿಂದಲೇ ಪರರ ನಂಬಿಕೆಗೆ ಪಾತ್ರನಾಗಿ ನಿಲ್ಲುತ್ತಾನೆ. ವಿಷಯವನ್ನು ಮರೆಮಾಚಿಯೋ ಒಳಸಂಚು ನಡೆಸಿಯೋ ಅಕ್ರಮ ಲಾಭ ಗಳಿಸುವ ಅವಕಾಶ ಅವನಿಗೆ ಸದಾ ಒದಗುತ್ತಿರುತ್ತದೆ. ಆದುದರಿಂದ ರಾಜ್ಯದ ಹತೋಟಿ ಅವಶ್ಯಕ ಎಂಬುದು ಅವರ ಅಭಿಪ್ರಾಯದ ಸಾರ.

ಈ ಕಾಯಿದೆಗಳಲ್ಲಿ ವೃತ್ತಿದುರ್ನಡತೆಯೆಂದರೆ ಮುಖ್ಯವಾಗಿ ನಂಬಿದವನಿಗೆ ಮಾಡುವ ದ್ರೋಹ. ದೂರು ಬಂದಾಗ ದಲ್ಲಾಳಿಗೆ ತಿಳುವಳಿಕೆ ಪತ್ರ ಕೊಟ್ಟು, ಅವನ ಸಮಾಧಾನವನ್ನು ಕೇಳಿ, ತಪ್ಪು ಸಿದ್ಧವಾದರೆ ಪರವಾನಗಿಯನ್ನು ತಡೆಹಿಡಿಯುವುದು ಅಥವಾ ರದ್ದುಪಡಿಸುವುದು, ಇದು ಶಿಸ್ತುಕ್ರಮದ ಸಾಮಾನ್ಯ ವಿಧಾನ. ಇಷ್ಟರಮಟ್ಟಿಗೆ ಇದು ಪ್ರಜಾಹಿತದ ಚರಿತ್ರೆಯೆಂಬುದು ನಿರ್ವಿವಾದ.

೨

ಇದೇ ಕಾಲದಲ್ಲಿ ಇದೇ ಶಿಸ್ತಿನ ಅಧಿಕಾರವು ಬೇರೊಂದು ದಿಕ್ಕಿಗೂ ತಿರುಗಿತು. ಮೊದಲನೆಯ ಮಹಾಯುದ್ಧದ ಸಮಯದಲ್ಲಿ ದಕ್ಷಿಣ ರಾಜ್ಯಗಳಿಂದ ಕಪ್ಪು ಜನರು ಉದ್ಯೋಗಾರ್ಥಿಗಳಾಗಿ ಉತ್ತರದ ಕೈಗಾರಿಕಾ ನಗರಗಳಿಗೆ ಬಂದರು. ಅವರಿಗೆ ಪ್ರತ್ಯೇಕ ಕೇರಿಗಳನ್ನು ಶಾಸನಬದ್ಧವಾಗಿ ಗೊತ್ತುಮಾಡುವ ಪ್ರಯತ್ನ ಕೆಲವು ಕಡೆ ನಡೆಯಿತು. ಲೂಯಿವಿಲ್ ನಗರದ ಅಂಥ ನಿಬಂಧನೆಯನ್ನು ಶ್ರೇಷ್ಠ ನ್ಯಾಯಾಲಯವು ೧೯೧೭ರಲ್ಲಿ ಅಸಿಂಧುವೆಂದು ಸಾರಿತು. ನಗರಸಭೆಯಿಂದ ಆಗದಿದ್ದುದನ್ನು ಆಸ್ತಿ ಮಾಲಿಕರ ಪರಸ್ಪರ ಕರಾರುಗಳೂ ದಲ್ಲಾಳಿಗಳ ಸಂಘಗಳೂ ನೆರವೇರಿಸತೊಡಗಿದುವು. ಬಿಳಿಯರು ಮಾತ್ರ ವಾಸವಾಗಿರುವ ಬೀದಿಯಲ್ಲಿ ಕಪ್ಪು ಜನರಿಗೆ ಮನೆ ಮಾರುವ ಸದಸ್ಯನನ್ನು ಹೊರಹಾಕತಕ್ಕುದೆಂದು ಶಿಕಾಗೋ ಸ್ಥಿರಾಸ್ತಿ ಮಂಡಲಿಯು ೧೯೨೧ರಲ್ಲಿ ನಿರ್ಣಯ ಮಾಡಿತು.

೧೯೨೪ರಲ್ಲಿ ರಾಷ್ಟ್ರೀಯ ಸಂಘದ ನೀತಿಸಂಹಿತೆಯನ್ನು ಪರಿಷ್ಕರಿಸಿದಾಗ ಇದೇ ಭಾವನೆ ಅದರ ೩೪ನೆಯ ವಿಧಿಯಾಗಿ ಸೇರಿತು. ಯಾವ ಜನಾಂಗದ ಅಥವಾ ರಾಷ್ಟ್ರೀಯತೆಯ ಜನರ ಇರವಿನಿಂದ ಒಂದು ನೆರೆಯ ಆಸ್ತಿಗಳ ಬೆಲೆಗೆ ಹಾನಿಯಾಗುವುದು ಸ್ಪಷ್ಟವೋ, ಅಂಥವರನ್ನು ಅಲ್ಲಿಗೆ ತರುವುದಕ್ಕೆ ರಿಯಲ್ಟರನು ಎಂದಿಗೂ ಸಾಧನವಾಗಬಾರದು ಎಂಬುದು ಆ ವಿಧಿಯ ತಾತ್ಪರ್ಯ. ೧೯೪೩ರಲ್ಲಿ ಸಂಘವು ಪ್ರಕಟಿಸಿದ ಕೈಪಿಡಿಯೊಂದು ಇನ್ನೂ ಮುಂದೆ ಹೋಗಿ, ನೆರೆಗೆ ಅನಿಷ್ಟರಾದವರ ಉದಾಹರಣೆಗಳಲ್ಲಿ ಕಳ್ಳಭಟ್ಟಿಯವನು, ವೇಶ್ಯಾಗೃಹದ ಒಡತಿ, ದರೋಡೆಕೋರ ಇವರೊಡನೆ, ಮಕ್ಕಳನ್ನು ಕಾಲೇಜಿನಲ್ಲಿ ಓದಿಸುತ್ತಿರುವ ಸ್ಥಿತಿವಂತನಾದ ಕಪ್ಪು ಮನುಷ್ಯನನ್ನೂ ಸೇರಿಸಿತು.

ಇಲ್ಲಿ ವಾಚಕರು ಒಂದು ವಿರೋಧವನ್ನು ಗಮನಿಸಬೇಕು. ದಲ್ಲಾಳಿಯ ಪರಮಧರ್ಮವು ತನ್ನನ್ನು ನೇಮಿಸಿದವನಿಗೆ ನಿಷ್ಠೆಯಿಂದ ದುಡಿಯುವುದು, ಅವನ ಆಸ್ತಿಗೆ ಸಲ್ಲತಕ್ಕ ಉತ್ತಮ ಬೆಲೆಯನ್ನು ದೊರಕಿಸುವುದು ಎಂದು ಪರವಾನಗಿ ಕಾಯಿದೆಗಳೂ ನ್ಯಾಯಾಲಯಗಳೂ ಸಾರಿದ್ದುವು. ಕಪ್ಪು ಜನರಿಗೆ ತೆರೆದಿದ್ದ ಮನೆಗಳು ವಿರಳವಾದುದರಿಂದ ಅವರು ಎಷ್ಟೋ ವೇಳೆ ಬಿಳಿಯರಿಗಿಂತ ಹೆಚ್ಚಿನ ಬೆಲೆಯನ್ನು ಕೊಡಬೇಕಾಗುತ್ತಿತ್ತು. ಮಾರಲು ಒಪ್ಪಿದ ಮಾಲಿಕನಿದ್ದು, ಪೂರ್ಣ ಬೆಲೆ ಕೊಡಲು ಒಪ್ಪಿದ ಗಿರಾಕಿಯಿದ್ದು, ಸುಳ್ಳಾಗಲಿ ಗುಟ್ಟಿನ ಲಾಭವಾಗಲಿ ಇಲ್ಲದೆ ವ್ಯವಹಾರವನ್ನು ಮುಗಿಸಿಕೊಟ್ಟ ದಲ್ಲಾಳಿಯು ಕಾರ್ಡೋಜೊ ಅವರ ತತ್ತ್ವದ ಪ್ರಕಾರ ನಿರ್ದೋಷಿ. ೩೪ನೆಯ ವಿಧಿಯ ಪ್ರಕಾರ ದೋಷಿ. ಅಂದರೆ ಈ ವಿಧಿ ದಂಡಿಸಿದುದು ವಿಶ್ವಾಸದ್ರೋಹವನ್ನಲ್ಲ; ವ್ಯವಹಾರದಲ್ಲಿ ಪಕ್ಷಗಾರರೇ ಅಲ್ಲದ ನೆರೆಯವರ ಪೂರ್ವಾಗ್ರಹವನ್ನು ಅದು ಕಾಯಿತು. ‘ನೀತಿ’ ಎಂಬ ಹೆಸರು ಮಾತ್ರ ಹಾಗೆಯೇ ಉಳಿಯಿತು.

ಸಂಘದಿಂದ ಹೊರಬೀಳುವುದು ಹೆಸರಿಗಷ್ಟೇ ಸಂಬಂಧಿಸಿದ ನಷ್ಟವಾಗಿರಲಿಲ್ಲ. ಮಾರಾಟಕ್ಕಿರುವ ಮನೆಗಳ ವಿವರವನ್ನು ಸದಸ್ಯರು ಒಂದೆಡೆ ಸೇರಿಸಿ ಪರಸ್ಪರ ಹಂಚಿಕೊಳ್ಳುವ ಪದ್ಧತಿ ಅನೇಕ ನಗರಗಳಲ್ಲಿದ್ದಿತು. ಉಚ್ಚಾಟಿತನಾದವನಿಗೆ ಆ ಪಟ್ಟಿಯೂ ತಪ್ಪುತ್ತಿತ್ತು, ಸಹವ್ಯಾಪಾರಿಗಳ ಸಹಕಾರವೂ ತಪ್ಪುತ್ತಿತ್ತು. ಆದುದರಿಂದ ಶಿಕ್ಷೆಯ ಭಯವೇ ಬಹುಮಟ್ಟಿಗೆ ಶಿಕ್ಷೆಯ ಕೆಲಸವನ್ನು ಮಾಡಿತು. ಕಪ್ಪು ದಲ್ಲಾಳಿಗಳಿಗಂತೂ ಸಂಘದ ಬಾಗಿಲೇ ಮುಚ್ಚಿತ್ತು. ಅವರು ೧೯೪೭ರಲ್ಲಿ ಫ್ಲಾರಿಡಾದ ಟ್ಯಾಂಪಾ ನಗರದಲ್ಲಿ ತಮ್ಮದೇ ರಾಷ್ಟ್ರೀಯ ಸಂಘವನ್ನು ಸ್ಥಾಪಿಸಿಕೊಂಡು ‘ರಿಯಲ್ಟಿಸ್ಟ್’ ಎಂಬ ಹೆಸರನ್ನು ತಳೆದರು.

೩

ಈ ವ್ಯವಸ್ಥೆಗೆ ಮೊದಲ ದೊಡ್ಡ ಪೆಟ್ಟು ಸೇಂಟ್ ಲೂಯಿ ನಗರದ ಒಂದು ಮನೆಯ ಮಾರಾಟದಿಂದ ಬಿದ್ದಿತು. ಅಲ್ಲಿನ ಲಬಾಡಿ ಬೀದಿಯ ೩೯ ಮಾಲಿಕರಲ್ಲಿ ೩೦ ಮಂದಿ, ಐವತ್ತು ವರ್ಷಗಳ ಕಾಲ ಕಪ್ಪು ಜನರಿಗೂ ಮಂಗೋಲ ಜನಾಂಗದವರಿಗೂ ಆ ಮನೆಗಳಲ್ಲಿ ವಾಸಕ್ಕೆ ಅವಕಾಶ ಕೊಡಬಾರದೆಂದು ೧೯೧೧ರಲ್ಲಿ ಕರಾರು ಬರೆದಿದ್ದರು. ೧೯೪೫ರಲ್ಲಿ ಷೆಲ್ಲಿ ಎಂಬ ಕಪ್ಪು ದಂಪತಿಗಳು ಕರಾರಿನ ಸಂಗತಿಯನ್ನರಿಯದೆ ಅಲ್ಲಿ ಮನೆ ಕೊಂಡರು. ಅವರನ್ನು ಬಿಡಿಸಬೇಕೆಂದು ದಾವೆ ಹೂಡಲಾಯಿತು. ೧೯೪೮ರ ಮೇ ೩ರಂದು ಶ್ರೇಷ್ಠ ನ್ಯಾಯಾಲಯವು, ಇಂಥ ಕರಾರನ್ನು ಖಾಸಗಿಯವರು ತಾವಾಗಿ ಪಾಲಿಸುವುದು ಬೇರೆ, ನ್ಯಾಯಾಲಯವು ಅದನ್ನು ಬಲವಂತವಾಗಿ ಜಾರಿಗೊಳಿಸುವುದು ಬೇರೆ. ಎರಡನೆಯದು ರಾಜ್ಯದ ಕೃತ್ಯವಾದುದರಿಂದ ರಾಜ್ಯಾಂಗದ ಹದಿನಾಲ್ಕನೆಯ ತಿದ್ದುಪಡಿಗೆ ವಿರುದ್ಧ ಎಂದು ತೀರ್ಪಿತ್ತಿತು.

ಆದರೆ ತೀರ್ಪು ಕಟ್ಟಿಹಾಕಿದುದು ನ್ಯಾಯಾಲಯಗಳ ಕೈಯನ್ನು, ಸಂಘಗಳ ಕೈಯನ್ನಲ್ಲ. ೧೯೫೦ರಲ್ಲಿ ರಾಷ್ಟ್ರೀಯ ಸಂಘವು ೩೪ನೆಯ ವಿಧಿಯಿಂದ ಜನಾಂಗ, ರಾಷ್ಟ್ರೀಯತೆಗಳ ಉಲ್ಲೇಖವನ್ನು ತೆಗೆದುಹಾಕಿತು. ನೆರೆಯ ಆಸ್ತಿಗಳ ಬೆಲೆಗೆ ಹಾನಿಕರವಾದುದನ್ನು ತರಬಾರದೆಂಬ ಮಾತು ಉಳಿಯಿತು. ಅದರ ಹಳೆಯ ಅರ್ಥ ಏನೆಂಬುದು ಎಲ್ಲರಿಗೂ ತಿಳಿದೇ ಇದ್ದಿತು.

ಕಟ್ಟುಪಾಡು ಹುಟ್ಟಿಸಿದ ಮನೆಗಳ ಕೊರತೆಯೇ ಇನ್ನೊಂದು ಬಗೆಯ ದುರ್ನಡತೆಗೆ ಬಂಡವಾಳವಾಯಿತು. ಕಪ್ಪು ಜನರು ಬರುತ್ತಿದ್ದಾರೆಂದು ಬಿಳಿಯ ಮಾಲಿಕರನ್ನು ಹೆದರಿಸಿ ಅಗ್ಗಕ್ಕೆ ಮನೆ ಕೊಂಡು, ಕಪ್ಪು ಜನರಿಗೆ ದುಬಾರಿ ಬೆಲೆಗೆ ಮಾರುವ ವ್ಯಾಪಾರ ೧೯೫೦ರ ಮತ್ತು ೧೯೬೦ರ ದಶಕಗಳಲ್ಲಿ ಶಿಕಾಗೋ ಮೊದಲಾದ ನಗರಗಳಲ್ಲಿ ನಡೆಯಿತು. ಕೊಂಡವರಿಗೆ ಬ್ಯಾಂಕಿನ ಸಾಲ ಹುಟ್ಟದುದರಿಂದ ಕಂತಿನ ಕರಾರಿಗೆ ಒಪ್ಪಬೇಕಾಗುತ್ತಿತ್ತು. ಕೊನೆಯ ಕಂತು ಸಲ್ಲುವವರೆಗೆ ಕ್ರಯಪತ್ರ ಕೈಸೇರುತ್ತಿರಲಿಲ್ಲ. ಕಂತು ತಪ್ಪಿದರೆ ಮನೆಯೂ ಹೋಗುತ್ತಿತ್ತು, ಅದುವರೆಗೆ ಕೊಟ್ಟ ಹಣವೂ ಹೋಗುತ್ತಿತ್ತು. ನೀತಿಸಂಹಿತೆಯ ಒಂದು ವಿಧಿ, ಸಂಹಿತೆಯು ತಡೆಯಬೇಕಾಗಿದ್ದ ಮೋಸಕ್ಕೇ ನೆಲವನ್ನು ಹದಮಾಡಿಕೊಟ್ಟಿತೆಂಬುದು ಗಮನಾರ್ಹ.

ಶಾಸನದ ಮೂಲಕ ಇದನ್ನು ಸರಿಪಡಿಸುವ ಯತ್ನಕ್ಕೆ ವೃತ್ತಿಯಿಂದಲೇ ಪ್ರಬಲ ವಿರೋಧ ಬಂದಿತು. ಕ್ಯಾಲಿಫೋರ್ನಿಯಾದಲ್ಲಿ ವಸತಿಭೇದವನ್ನು ನಿಷೇಧಿಸಿದ ೧೯೬೩ರ ಕಾಯಿದೆಯನ್ನು ನಿಷ್ಫಲಗೊಳಿಸುವ ರಾಜ್ಯಾಂಗ ತಿದ್ದುಪಡಿಯನ್ನು ಆ ರಾಜ್ಯದ ದಲ್ಲಾಳಿಗಳ ಸಂಘ ಬೆಂಬಲಿಸಿತು. ೧೯೬೪ರಲ್ಲಿ ಮತದಾರರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲಿನವರು ಅದನ್ನು ಅನುಮೋದಿಸಿದರು. ೧೯೬೭ರಲ್ಲಿ ಶ್ರೇಷ್ಠ ನ್ಯಾಯಾಲಯವು ಐದಕ್ಕೆ ನಾಲ್ಕು ಮತಗಳಿಂದ ಅದನ್ನು ಅಸಿಂಧುವೆಂದಿತು. ೧೯೬೮ರ ಏಪ್ರಿಲ್ ೪ರಂದು ಮಾರ್ಟಿನ್ ಲೂಥರ್ ಕಿಂಗ್ ಅವರ ಹತ್ಯೆಯಾಯಿತು. ಒಂದು ವಾರದ ತರುವಾಯ, ಏಪ್ರಿಲ್ ೧೧ರಂದು, ವಸತಿಯ ಮಾರಾಟದಲ್ಲಿಯೂ ಬಾಡಿಗೆಯಲ್ಲಿಯೂ ಜನಾಂಗಭೇದವನ್ನು ನಿಷೇಧಿಸುವ ಒಕ್ಕೂಟದ ಕಾಯಿದೆಗೆ ಅಧ್ಯಕ್ಷರ ಅಂಕಿತ ಬಿದ್ದಿತು. ಹೆದರಿಸಿ ಮನೆ ಮಾರಿಸುವ ಕೃತ್ಯವನ್ನೂ ಅದು ನಿಷೇಧಿಸಿತು. ಅನೇಕ ರಾಜ್ಯಗಳಲ್ಲಿ ಜನಾಂಗಭೇದವೇ ಪರವಾನಗಿ ರದ್ದಿಗೆ ಕಾರಣವಾಯಿತು. ಹೀಗೆ ಶಿಸ್ತುಕ್ರಮದ ಚಕ್ರ ಪೂರ್ತಿ ಒಂದು ಸುತ್ತು ತಿರುಗಿತು.

ವಿಧಿ ಬದಲಾದೊಡನೆ ರೂಢಿ ಬದಲಾಗುವುದಿಲ್ಲ. ನೇರವಾಗಿ ನಿರಾಕರಿಸುವುದಕ್ಕೆ ಬದಲು ಗಿರಾಕಿಗಳನ್ನು ಜನಾಂಗಾನುಸಾರ ಬೇರೆ ಬೇರೆ ಬಡಾವಣೆಗಳತ್ತ ತಿರುಗಿಸುವ ಉಪಾಯ ಬಳಕೆಗೆ ಬಂದಿತು. ಇದು ಒಬ್ಬನೇ ಗಿರಾಕಿಯ ಕಣ್ಣಿಗೆ ಬೀಳುವಂಥದಲ್ಲ. ಇಬ್ಬರ ಅನುಭವವನ್ನು ಹೋಲಿಸಿದಾಗಲೇ ಕಾಣುವಂಥದು. ಆದುದರಿಂದಲೇ ಪರೀಕ್ಷಾರ್ಥವಾಗಿ ಹೋಗಿ ಸುಳ್ಳು ಮಾಹಿತಿ ಪಡೆದವನಿಗೂ ದಾವೆಯ ಹಕ್ಕುಂಟೆಂದು ಶ್ರೇಷ್ಠ ನ್ಯಾಯಾಲಯವು ೧೯೮೨ರಲ್ಲಿ ಹೇಳಿದುದು ಮಹತ್ತ್ವದ ಸಂಗತಿ. ೨೦೧೯ರಲ್ಲಿ ‘ನ್ಯೂಸ್‌ಡೇ’ ಪತ್ರಿಕೆಯು ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ ತಾನು ನಡೆಸಿದ ೮೬ ಜೋಡಿ ಪರೀಕ್ಷೆಗಳ ಫಲವನ್ನು ಪ್ರಕಟಿಸಿತು. ಕಪ್ಪು ಪರೀಕ್ಷಕರ ವಿಷಯದಲ್ಲಿ ನೂರಕ್ಕೆ ೪೯ರಷ್ಟು ಸಂದರ್ಭಗಳಲ್ಲಿ ಭೇದದ ನಡವಳಿಕೆಯ ಸಾಕ್ಷ್ಯ ದೊರೆತಿತ್ತು. ೨೦೨೦ರ ನವೆಂಬರಿನಲ್ಲಿ ರಾಷ್ಟ್ರೀಯ ಸಂಘದ ಅಧ್ಯಕ್ಷರು ಸಂಘದ ಹಿಂದಿನ ನೀತಿಗಳಿಗಾಗಿ ಬಹಿರಂಗವಾಗಿ ಕ್ಷಮೆ ಯಾಚಿಸಿದರು. ೩೪ನೆಯ ವಿಧಿ ಬರೆಯಲ್ಪಟ್ಟು ಆಗ ತೊಂಬತ್ತಾರು ವರ್ಷಗಳಾಗಿದ್ದುವು.

೪

ಈ ಚರಿತ್ರೆ ನಮಗೆ ಕೇವಲ ದೂರದ ದೇಶದ ಕಥೆಯಲ್ಲ. ೨೦೧೬ರ ಸ್ಥಿರಾಸ್ತಿ ನಿಯಂತ್ರಣ ಕಾಯಿದೆಯು ಭಾರತದಲ್ಲಿ ದಲ್ಲಾಳಿಗಳಿಗೆ ನೋಂದಣಿಯನ್ನು ಕಡ್ಡಾಯ ಮಾಡಿತು. ೨೦೧೭ರಲ್ಲಿ ಕರ್ನಾಟಕವು ಅದಕ್ಕೆ ನಿಯಮಗಳನ್ನು ರಚಿಸಿತು. ಕಾಯಿದೆಯ ೯ನೆಯ ಪ್ರಕರಣದಂತೆ, ವಂಚನೆಯಿಂದ ನೋಂದಣಿ ಪಡೆದ ಅಥವಾ ನಿಬಂಧನೆಗಳನ್ನು ಮುರಿದ ದಲ್ಲಾಳಿಯ ನೋಂದಣಿಯನ್ನು ಅವನ ಅಹವಾಲು ಕೇಳಿ ರದ್ದುಪಡಿಸಬಹುದು. ನೋಂದಣಿಯಾಗದ ಯೋಜನೆಯ ಮನೆ ಮಾರಿಸುವುದು, ಲೆಕ್ಕಪತ್ರ ಇಡದಿರುವುದು, ಸುಳ್ಳು ನಿರೂಪಣೆ ಮಾಡುವುದು ಇವು ೧೦ನೆಯ ಪ್ರಕರಣಕ್ಕೆ ವಿರುದ್ಧವಾದುವು. ೬೨ನೆಯ ಪ್ರಕರಣದಂತೆ ದಿನವೊಂದಕ್ಕೆ ೧೦,೦೦೦ ರೂಪಾಯಿನ ದಂಡವಿದ್ದು, ಒಟ್ಟು ಮೊತ್ತ ಆಸ್ತಿಯ ಬೆಲೆಯಲ್ಲಿ ನೂರಕ್ಕೆ ೫ರವರೆಗೆ ಏರಬಹುದು.

ಇವೆಲ್ಲವೂ ಕಾರ್ಡೋಜೊ ಹೇಳಿದ ನಂಬಿಕೆಯ ತತ್ತ್ವಕ್ಕೆ ಸೇರಿದುವು, ಸ್ವಾಗತಾರ್ಹವಾದುವು. ಆದರೆ ಹೆಸರು ಕೇಳಿ, ಊಟದ ಪದ್ಧತಿ ಕೇಳಿ, ಜಾತಿಮತಗಳನ್ನು ಊಹಿಸಿ ಮನೆಯಿಲ್ಲವೆಂದು ಹೇಳುವ ದಲ್ಲಾಳಿಯ ನಡತೆಯನ್ನು ೧೦ನೆಯ ಪ್ರಕರಣವು ಹೆಸರಿಸಿ ನಿಷೇಧಿಸಿಲ್ಲ. ಸದಸ್ಯತ್ವವನ್ನು ಒಂದೇ ಸಮುದಾಯಕ್ಕೆ ಮೀಸಲಿಟ್ಟ ಅಹಮದಾಬಾದಿನ ಗೃಹನಿರ್ಮಾಣ ಸಹಕಾರ ಸಂಘದ ಉಪವಿಧಿಯನ್ನು ನಮ್ಮ ಸರ್ವೋಚ್ಚ ನ್ಯಾಯಾಲಯವು ೨೦೦೫ರಲ್ಲಿ ಎತ್ತಿಹಿಡಿದಿದೆ. ಮಾಲಿಕನ ಇಚ್ಛೆಯಂತೆ ನಡೆದೆನೆಂಬ ದಲ್ಲಾಳಿಯ ಸಮಾಧಾನ ನಮ್ಮಲ್ಲಿ ಇನ್ನೂ ಸಮಾಧಾನವಾಗಿಯೇ ಉಳಿದಿದೆ.

ಶಿಸ್ತಿನ ಅಧಿಕಾರವು ತನ್ನಷ್ಟಕ್ಕೆ ತಾನೇ ನ್ಯಾಯವಲ್ಲ. ಅಮೆರಿಕಾದಲ್ಲಿ ತಿಳುವಳಿಕೆ ಪತ್ರ, ವಿಚಾರಣೆ, ಉಚ್ಚಾಟನೆ ಎಂಬ ಅದೇ ಉಪಕರಣಗಳು ಒಮ್ಮೆ ಅನ್ಯಾಯಕ್ಕೂ ಇನ್ನೊಮ್ಮೆ ಅದರ ಪರಿಹಾರಕ್ಕೂ ಒದಗಿದುವು. ಸಂಹಿತೆಯನ್ನು ಬರೆದವರಲ್ಲಿ ಮನೆ ಮಾರುವವರಿದ್ದರು, ದಲ್ಲಾಳಿಗಳಿದ್ದರು. ಮನೆ ಸಿಗದವರು ಮಾತ್ರ ಇರಲಿಲ್ಲ. ವೃತ್ತಿಗಳ ಚರಿತ್ರೆಯನ್ನು ಅಭ್ಯಾಸ ಮಾಡುವ ವಿದ್ಯಾರ್ಥಿಯು, ಶಿಕ್ಷೆಗೊಳಗಾದ ದಲ್ಲಾಳಿಗಳ ಪಟ್ಟಿಯನ್ನು ನೋಡುವುದರ ಜೊತೆಗೆ, ದೂರು ಕೊಡುವ ಹಕ್ಕು ಯಾರಿಗಿದ್ದಿತು, ಯಾರಿಗಿರಲಿಲ್ಲ ಎಂಬುದನ್ನೂ ಹುಡುಕಬೇಕು.